ಢೋಲಿನ ಪಕ್ಕದ ಬೇಸ್ ಗಿಟಾರ್

ಬೇಸ್ ಗಿಟಾರ್ ಕುರಿತು ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನವು. ಈ ಸಲ ಅಹಮದಾಬಾದ್, ವಡೋದರಾ, ಸೂರತ್ ಕಡೆಯ ಕನ್ನಡಿಗರ ಪತ್ರಗಳೇ ಒಂದು ಕಂತೆಯಾಗಿವೆ. ನವರಾತ್ರಿ ಹತ್ತಿರ ಬಂತಲ್ಲ. ಗುಜರಾತಿನಲ್ಲಿ ವಾದ್ಯ ಹಿಡಿದು ಹೊಟ್ಟೆ ಹೊರೆಯುವವರಿಗೆ ಅದೇ ಸುಗ್ಗಿ. ಅಲ್ಲಿನ ಪಾರ್ಟಿ ಪ್ಲಾಟ್‌ಗಳ ವೇದಿಕೆಯಲ್ಲಿ ಬಹುಕಾಲ ನಿಂತವನಾದ್ದರಿಂದ ಈ ಕಂತೆಯನ್ನು ನಾನೇ ಇಟ್ಟುಕೊಂಡೆ. ಹೆಸರು ಬೇಡವೆಂದು ಕೆಲವರು ಕೇಳಿದ್ದಾರೆ. ಹಾಗಾಗಿ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಉಳಿಸಿದ್ದೇನೆ.

ವಸ್ತ್ರಾಪುರ, ಅಹಮದಾಬಾದ್

*ಸರ್, ಬೆಂಗಳೂರಿನಲ್ಲಿದ್ದಾಗ ವಾರದ ಕೊನೆಗೆ ಪಬ್‌ಗಳಲ್ಲಿ ಬೇಸ್ ನುಡಿಸುತ್ತಿದ್ದೆ. ಕೆಲಸದ ಮೇಲೆ ಇಲ್ಲಿಗೆ ಬಂದೆ, ಮನೆ ವಸ್ತ್ರಾಪುರ ಕೆರೆಯ ಹತ್ತಿರ. ಇಲ್ಲಿ ಪಬ್ಬೂ ಇಲ್ಲ, ಬ್ಯಾಂಡೂ ಇಲ್ಲ. ಗರ್ಬಾ ತಂಡದವರನ್ನು ಕೇಳಿದರೆ ‘ಬೇಸ್ ಕೀಬೋರ್ಡಿನವನೇ ಹೊಡೀತಾನೆ’ ಅಂತಾರೆ. ವಾದ್ಯ ಮಾರಿಬಿಡಲೇ?*

ಮಾರಬೇಡಿ. ನಿಮ್ಮ ವಾದ್ಯಕ್ಕೆ ಅಲ್ಲಿ ಕೆಲಸ ಇದೆ. ಬೆಂಗಳೂರಿನ ಕೆಲಸವನ್ನೇ ಅಲ್ಲೂ ಹುಡುಕಿದರೆ ಮಾತ್ರ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ನಿಮ್ಮ ಪೇಮೆಂಟ್ ಬರುತ್ತಿದ್ದುದು ಕೇಳುಗ ಕುಡಿದ ಬಿಯರಿನಿಂದ. ಗುಜರಾತಿನಲ್ಲಿ ರಾಜ್ಯ ಹುಟ್ಟಿದ 1960ರಿಂದಲೂ ಪಾನನಿಷೇಧ. 2023ರ ಕೊನೆಗೆ ಗಾಂಧಿನಗರದ ಗಿಫ್ಟ್ ಸಿಟಿಯೊಳಗೆ ಒಂದಿಷ್ಟು ಸಡಿಲಿಸಿದರು, ಅಷ್ಟೇ. ಹಾಗಾಗಿ ಪ್ರತಿ ಶುಕ್ರವಾರ ಬ್ಯಾಂಡ್ ಕೂರಿಸುವ ಜಾಗಗಳು ಅಲ್ಲಿ ಹುಟ್ಟಲೇ ಇಲ್ಲ. ವಾದಕನಿಗೆ ದುಡ್ಡು ಕೊಡುವವರು ಬೇರೆ: ನವರಾತ್ರಿಯ ಪಾಸ್ ಕೊಂಡು ಗರ್ಬಾ ಆಡುವ ಖೇಲೈಯಾಗಳು, ಮದುವೆಯ ಸಂಗೀತ್ ರಾತ್ರಿಗೆ ತಂಡ ಕರೆಸುವ ಮನೆಯವರು, ಕಾಲೇಜು ಉತ್ಸವದ ಹುಡುಗರು (ನಿಮ್ಮ ಪಕ್ಕದ ಐಐಎಂನವರೂ ಸೇರಿ), ಟಿಕೆಟ್ ಇಟ್ಟು ಸಂಜೆ ಹಾಡಿಸುವ ಕೆಲವು ಕೆಫೆಗಳು. ಇವರಲ್ಲಿ ದೊಡ್ಡ ಧಣಿ ಖೇಲೈಯಾನೇ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಗರ್ಬಾವನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಆದರೆ ಅದರ ಆರ್ಥಿಕತೆ ಅದಕ್ಕೂ ಬಹಳ ಹಿಂದೆಯೇ ಬೆಳೆದು ನಿಂತಿತ್ತು. ನಿಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಜಿಎಂಡಿಸಿ ಮೈದಾನಕ್ಕೆ ಒಂದು ರಾತ್ರಿ ಹೋಗಿ ನಿಲ್ಲಿ, ಗೊತ್ತಾಗುತ್ತದೆ.

ಇನ್ನು ಕೀಬೋರ್ಡಿನವನ ಎಡಗೈ ವಿಷಯ. ತಂಡದವರು ಸುಳ್ಳು ಹೇಳಿಲ್ಲ. 1980ರ ದಶಕದಲ್ಲಿ ಕಲ್ಯಾಣ್‌ಜಿ ಆನಂದ್‌ಜಿಯವರ ತಮ್ಮ ಬಾಬ್ಲಾ ‘ಡಿಸ್ಕೋ ದಾಂಡಿಯಾ’ ಕ್ಯಾಸೆಟ್‌ಗಳನ್ನು ತಂದಾಗ ದಾಂಡಿಯಾ ವೇದಿಕೆಗೆ ಪಾಶ್ಚಾತ್ಯ ವಾದ್ಯಗಳ ರುಚಿ ಹತ್ತಿತು. ಆಮೇಲೆ ಆಕ್ಟೋಪ್ಯಾಡೂ ಕೀಬೋರ್ಡೂ ಸೇರಿ ಮೂರು ನಾಲ್ಕು ಜನರ ಕೆಲಸವನ್ನು ಇಬ್ಬರೇ ಮಾಡತೊಡಗಿದರು. ಸಂಘಟಕನಿಗೆ ಒಬ್ಬನ ಸಂಭಾವನೆ ಉಳಿಯಿತು. ಅವನ ಜತೆ ‘ಬೇಸ್ ಇಲ್ಲದೆ ಸಂಗೀತವೇ ಅಲ್ಲ’ ಎಂದು ವಾದಿಸಿ ಉಪಯೋಗವಿಲ್ಲ. ಎಡಗೈಗೆ ಮಾಡಲಾಗದ್ದನ್ನು ನೀವು ಮಾಡಿ ತೋರಿಸಬೇಕು.

ಅದೇನೆಂದರೆ ಸ್ವರದ ಉದ್ದ. ಪಬ್ಬಿನಲ್ಲಿ ನೀವು ಡ್ರಮ್ಮಿನ ಕಿಕ್ ಜತೆ ಕೂರುತ್ತಿದ್ದಿರಿ. ಇಲ್ಲಿ ಕಿಕ್ ಜಾಗದಲ್ಲಿ ಢೋಲಿನ ದಪ್ಪ ಮುಖವಿದೆ. ಅದು ನಿಮ್ಮ ಕೆಳಗಿನ ತಂತಿಗಳ ಸ್ಥಾಯಿಯಲ್ಲೇ ಮೊಳಗುತ್ತದೆ. ಎರಡೂ ಒಟ್ಟಿಗೆ ಉದ್ದಕ್ಕೆ ಮೊಳಗಿದರೆ ಮೈದಾನದಲ್ಲಿ ಗುಂಯ್‌ಗುಟ್ಟುವುದು ಬಿಟ್ಟು ಬೇರೇನೂ ಕೇಳಿಸದು. ಕೀಬೋರ್ಡಿನ ಬೇಸ್ ಮಾಡುವುದೇ ಅದನ್ನು: ಕೀ ಒತ್ತಿದ್ದಷ್ಟು ಹೊತ್ತೂ ಎಳೆಯುತ್ತದೆ. ನೀವು ಅಂಗೈಯ ಅಂಚನ್ನು ಬ್ರಿಜ್ ಮೇಲಿಟ್ಟು, ಢೋಲಿನ ಪೆಟ್ಟಿನ ಜತೆ ಹುಟ್ಟಿ ಅದು ಸಾಯುವ ಮೊದಲೇ ನಿಲ್ಲುವ ಮೊಟಕು ಸ್ವರ ನುಡಿಸಿ. ಪೆಟ್ಟಿಗೆ ಸ್ವರ ಬಂದಂತಾಗುತ್ತದೆ, ಹಾಡುಗಾರನಿಗೆ ಶ್ರುತಿ ಸಿಗುತ್ತದೆ, ಮೈದಾನವೂ ತಿಳಿಯಾಗುತ್ತದೆ. ಒಂದೇ ರಾತ್ರಿ ಇದನ್ನು ಕೇಳಿದ ಸೌಂಡ್ ಎಂಜಿನಿಯರ್ ಮರುವರ್ಷ ನಿಮ್ಮನ್ನು ತಾನೇ ಕೇಳಿ ಕರೆಸುತ್ತಾನೆ.

ತಾಳ ಮೊದಲು ಮೈಗೆ ಹತ್ತಬೇಕು. ಗರ್ಬಾದ ಹೀಂಚ್ ತಾಳ ಆರು ಮಾತ್ರೆಯದು. ತಿಶ್ರ ನಡೆ ಬಲ್ಲವರಿಗೆ ಲೆಕ್ಕ ಸುಲಭ, ತೂಗಾಟ ಕಷ್ಟ. ದಾದ್ರಾಕ್ಕೂ ಆರೇ ಮಾತ್ರೆ. ಆದರೆ ದಾದ್ರಾ ಕೂತು ಕೇಳಿಸುತ್ತದೆ, ಹೀಂಚ್ ಕಾಲೆತ್ತಿಸುತ್ತದೆ. ದಾಂಡಿಯಾ ರಾಸಿಗೆ ಬಂದರೆ ಹೆಚ್ಚಾಗಿ ಎಂಟು ಮಾತ್ರೆಯ ಕೆಹರ್ವಾ. ಹಾಡಿನಿಂದ ಹಾಡಿಗೆ ನಿಲ್ಲಿಸದೆ ದಾಟುತ್ತಾರೆ, ಗತಿ ಏರುತ್ತಲೇ ಹೋಗುತ್ತದೆ, ನಡುವೆ ಚಪ್ಪಾಳೆಗೆ ಬಿಡುವಿಲ್ಲ. ನಾಲ್ಕು ನಿಮಿಷದ ರಾಕ್ ಹಾಡಿಗೆ ಪಳಗಿದ ಬೆರಳು ಅರ್ಧ ಗಂಟೆಯೊಳಗೆ ಸೆಟೆದುಕೊಳ್ಳುತ್ತದೆ. ಈಗಿನಿಂದಲೇ ದಿನವೂ ಮೆಟ್ರೊನೋಮ್ ಇಟ್ಟು, ಮೆತ್ತಗೆ, ನಿಲ್ಲಿಸದೆ ನುಡಿಸಿ ರೂಢಿ ಮಾಡಿಕೊಳ್ಳಿ. ಜೋರು ಮಾಡುವ ಕೆಲಸ ಆಂಪ್‌ನದು, ಬೆರಳಿನದಲ್ಲ. ಅಗಲ ಪಟ್ಟಿಯ ಸ್ಟ್ರ್ಯಾಪ್ ಕೊಳ್ಳಿ. ನಾಲ್ಕು ಕಿಲೋ ಮರ ಹೆಗಲ ಮೇಲೆ ಒಂಬತ್ತು ರಾತ್ರಿ ಕೂತಿರುತ್ತದೆ.

ಕೊನೆಯ ಮಾತು: ಕೆಲಸ ಕೇಳಲು ಹಾಡುಗಾರನ ಬಳಿ ಹೋಗಬೇಡಿ, ಢೋಲಿಯ ಬಳಿ ಹೋಗಿ. ಹಾಡುಗಾರನ ಸುತ್ತ ಯಾವಾಗಲೂ ಜನ. ಢೋಲಿಯ ಅಭ್ಯಾಸಕ್ಕೆ ಜತೆ ಕೂರುತ್ತೇನೆ ಎಂದವರು ಕಡಿಮೆ. ಅವನಿಗೆ ನಿಮ್ಮ ನುಡಿಸಾಣಿಕೆ ಹಿಡಿಸಿದರೆ ತಂಡದೊಳಗಿಂದಲೇ ನಿಮ್ಮ ಹೆಸರು ಬರುತ್ತದೆ. ಮೊದಲ ವರ್ಷ ಪಾಸ್ ಮಾರುವ ಮೈದಾನ ಸಿಗದಿದ್ದರೆ ಸೊಸೈಟಿಯೊಳಗಿನ ಶೇರಿ ಗರ್ಬಾ ಸಾಕು. ತಪ್ಪು ಹೊಡೆದರೆ ಯಾರೂ ಮುಖ ತಿರುವುವುದಿಲ್ಲ, ನಾಸ್ತಾ ಚೆನ್ನಾಗಿರುತ್ತದೆ.

ಮಣಿನಗರ, ಅಹಮದಾಬಾದ್

*ನಾನು ಬಿ.ಕಾಂ ಓದುತ್ತಿರುವ ಹುಡುಗಿ. ಬೆರಳು ಚಿಕ್ಕವು, ಬೇಸ್ ನಿನ್ನ ಕೈಗಲ್ಲ, ಉಕುಲೇಲೆ ತಗೋ ಅಂತ ಅಂಗಡಿಯವರೇ ಹೇಳಿದರು. ನಿಜವೇ?*

ಅಂಗಡಿಯವರಿಗೆ ಅಂದು ಉಕುಲೇಲೆ ಹೆಚ್ಚು ದಾಸ್ತಾನಿತ್ತೇನೋ! ಸಾಮಾನ್ಯ ಬೇಸಿನ ತಂತಿಯ ಉದ್ದ 34 ಇಂಚು. 30 ಇಂಚಿನ ‘ಶಾರ್ಟ್ ಸ್ಕೇಲ್’ ಬೇಸ್‌ಗಳೂ ಬರುತ್ತವೆ, ಪಾಲ್ ಮೆಕಾರ್ಟ್ನಿ ಬೀಟಲ್ಸ್ ಕಾಲದಲ್ಲಿ ಹಿಡಿದದ್ದು ಅಂಥದ್ದೇ. ಕೆಳಗಿನ ಫ್ರೆಟ್‌ಗಳಲ್ಲಿ ಬೆರಳಿಗೊಂದು ಫ್ರೆಟ್ ಎಂದು ಹಟ ಹಿಡಿಯಬೇಡಿ. ಮೊದಲ, ಎರಡನೇ, ನಾಲ್ಕನೇ ಬೆರಳಷ್ಟೇ ಬಳಸಿ ಮೂರು ಫ್ರೆಟ್ ಆಳಿ. ಡಬಲ್ ಬೇಸ್ ನುಡಿಸುವವರು ಮಾಡುವುದು ಹಾಗೆಯೇ. ಹೆಂಗಸರ ಮಾತಿಗೆ ಬಂದರೆ, ಅಮೆರಿಕದ ಕ್ಯಾರೊಲ್ ಕೇ ಸಾವಿರಾರು ಧ್ವನಿಮುದ್ರಣಗಳಿಗೆ ನುಡಿಸಿದರು. ಮುಂಬೈಯ ಮೋಹಿನಿ ಡೇ 1996ರಲ್ಲಿ ಹುಟ್ಟಿದವರು. ಎ.ಆರ್. ರೆಹಮಾನ್, ಜಾಕಿರ್ ಹುಸೇನ್ ಜತೆ ನುಡಿಸಿ, 2023ರಲ್ಲಿ ತಮ್ಮದೇ ಆಲ್ಬಂ ತಂದರು. ಅವರ ವೇಗ ನೋಡಿ ಎದೆಗುಂದಬೇಡಿ. ಮೊದಲು ಅವರ ಎಡಗೈ ಎಷ್ಟು ಕಡಿಮೆ ಅಲುಗುತ್ತದೆ ಎಂಬುದನ್ನು ಗಮನಿಸಿ.

ವಡೋದರಾ

*ಸರ್, ನಮಸ್ಕಾರ್ರೀ. ನಮ್ಮೂರು ಧಾರವಾಡ. ಸಣ್ಣಾಂವ ಇದ್ದಾಗಿಂದ ಹಿಂದೂಸ್ತಾನಿ ಹಾಡ್ತೀನಿ. ಇಲ್ಲಿ ಎಂ.ಎಸ್. ವಿಶ್ವವಿದ್ಯಾಲಯದಾಗ ಓದಾಕ ಬಂದೀನಿ, ಗೆಳ್ಯಾರ ಬ್ಯಾಂಡಿನ್ಯಾಗ ಬೇಸ್ ಬಾರಸ್ತೀನಿ. ರಾಗಾನ ಬೇಸಿನ ಮ್ಯಾಲೆ ತರೂದು ಹೆಂಗ್ರಿ? ಮೀಂಡ್ ಹೊಂಡಂಗಿಲ್ಲ. ಮತ್ತ, ನಾ ಬೇಸ್ ಹಿಡದ್ರ ಗಾಯಕಿ ‘ರಾಗ ಕೆಡಸ್ತಿ’ ಅಂತಾಳ.*

ಒಳ್ಳೆಯ ಜಾಗಕ್ಕೇ ಹೋಗಿ ಸೇರಿದ್ದೀರಿ. ಅಲ್ಲಿನ ಸಂಗೀತ ವಿಭಾಗದ ಬೇರು 1886ರ ಗಾಯನಶಾಲೆ. ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಅದನ್ನು ಕಟ್ಟಿದ ಉಸ್ತಾದ್ ಮೌಲಾ ಬಕ್ಷ್ ಅದಕ್ಕೆ ಮೊದಲು ನಮ್ಮ ಮೈಸೂರು ಆಸ್ಥಾನದಲ್ಲಿ ಸನ್ಮಾನ ಪಡೆದವರು, ದಕ್ಷಿಣದಲ್ಲಿದ್ದು ಕರ್ನಾಟಕ ಸಂಗೀತವನ್ನೂ ಕಲಿತವರು. ಅದೇ ಬರೋಡ ಆಸ್ಥಾನದಲ್ಲಿ ಹಾಡಿದ್ದ ಅಬ್ದುಲ್ ಕರೀಂ ಖಾನರ ಗಾಯನಶೈಲಿ ಮುಂದೆ ಸವಾಯಿ ಗಂಧರ್ವರ ಮೂಲಕ ನಿಮ್ಮ ಧಾರವಾಡದ ಸೊತ್ತಾಯಿತು. ನಿಮ್ಮದು ಹೊಸ ಹಾದಿಯೇನಲ್ಲ, ಆ ಹಾದಿಯ ಮೇಲೆ ಬೇಸ್ ಹೊತ್ತು ನಡೆಯುವುದಷ್ಟೇ ಹೊಸತು.

ಮೀಂಡ್ ಹೊರಡದಿರುವುದು ನಿಮ್ಮ ತಪ್ಪಲ್ಲ. ಸಿತಾರಿನಲ್ಲಿ ತಂತಿಯನ್ನು ಫ್ರೆಟ್ಟಿನ ಮೇಲೆ ಅಡ್ಡಕ್ಕೆ ಎಳೆದು ಒಂದೇ ಮನೆಯಿಂದ ನಾಲ್ಕು ಐದು ಸ್ವರ ತೆಗೆಯಬಹುದು. ಬೇಸಿನ ತಂತಿ ದಪ್ಪ, ಬಿಗಿ ಹೆಚ್ಚು. ಎಳೆದರೆ ಒಂದು ಸ್ವರ ಏರುವುದೇ ಕಷ್ಟ. ಆದ್ದರಿಂದ ಅಡ್ಡಕ್ಕೆ ಎಳೆಯುವುದು ಬಿಡಿ, ಉದ್ದಕ್ಕೆ ಜಾರಿ. ಒಂದೇ ತಂತಿಯ ಮೇಲೆ ರಾಗದ ಆರೋಹ ಅವರೋಹ ಅಭ್ಯಾಸ ಮಾಡಿ. ನಾಲ್ಕು ತಂತಿ ಇವೆಯೆಂಬುದನ್ನೇ ಸ್ವಲ್ಪ ದಿನ ಮರೆಯಿರಿ. ಮುಂದೆ ಕೈಯಲ್ಲಿ ಕಾಸು ಕೂಡಿದಾಗ ಫ್ರೆಟ್ ಇಲ್ಲದ ಬೇಸ್ ಕೊಳ್ಳಿ. ಕಂಠದಲ್ಲಿ ಶ್ರುತಿ ಗಟ್ಟಿ ಇರುವವರಿಗೆ ಅದು ಗಿಟಾರ್ ಕಲಿತು ಬಂದವರಿಗಿಂತ ಬೇಗ ಒಲಿಯುತ್ತದೆ. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ಗಮಕ ಹೊರಡಿಸುವವರೆಗೆ ಅದೂ ಆಗದ ಮಾತು ಅಂತಲೇ ಜನ ಅಂದಿದ್ದರು.

ಗಾಯಕಿಯ ದೂರು ಇನ್ನೂ ಸ್ವಾರಸ್ಯದ್ದು. ಅವರು ಹೇಳುವುದು ಸರಿ. ಭೂಪ್ ಹಾಡುತ್ತಿದ್ದಾರೆ ಎನ್ನಿ: ಸ ರಿ ಗ ಪ ಧ. ಕೆಳಗೆ ನೀವು ‘ಸ’ದ ಮೇಲೆ ನಿಂತಿರುವವರೆಗೆ ಭೂಪ್ ಭೂಪಾಗಿಯೇ ಇರುತ್ತದೆ. ಪಾಶ್ಚಾತ್ಯ ಅಭ್ಯಾಸದಂತೆ ನೀವು ಗಾಂಧಾರಕ್ಕೆ ಹೋಗಿ ಎರಡು ಆವರ್ತ ನಿಂತರೆ ಕೇಳುಗನ ಕಿವಿ ಅದನ್ನೇ ಷಡ್ಜವೆಂದು ಹಿಡಿಯುತ್ತದೆ. ಅವೇ ಐದು ಸ್ವರ ಮಾಲಕೌಂಸ್ ಆಗಿಬಿಡುತ್ತವೆ. ಪಂಚಮದ ಮೇಲೆ ನಿಂತರೆ ದುರ್ಗಾ, ಧೈವತದ ಮೇಲೆ ನಿಂತರೆ ಧಾನಿ. ಗಾಯಕಿ ಒಂದು ಸ್ವರವನ್ನೂ ಬದಲಿಸಿಲ್ಲ, ಅವರ ಕಾಲ ಕೆಳಗಿನ ನೆಲವನ್ನು ನೀವು ಎಳೆದಿದ್ದೀರಿ. ಬೇಸ್ ವಾದಕನಿಗೆ ಇರುವ ಅಧಿಕಾರ ಇದು, ಬೇರೆ ಯಾವ ವಾದ್ಯಕ್ಕೂ ಇಷ್ಟಿಲ್ಲ. ಕೇಳದೆ ಬಳಸಿದರೆ ಜಗಳ. ‘ಅಂತರಾದ ಮೂರನೇ ಸಾಲಿನಲ್ಲಿ ಗಾಂಧಾರಕ್ಕೆ ಹೋಗುತ್ತೇನೆ, ನೀವು ಅಲ್ಲೇ ನಿಲ್ಲಿ’ ಎಂದು ಮೊದಲೇ ಹೇಳಿ ಮಾಡಿದರೆ ಕೇಳುಗರ ರೋಮ ನಿಮಿರುತ್ತದೆ.

ಇದನ್ನು ಚಿತ್ರಗೀತೆಯಲ್ಲಿ ಇಳಯರಾಜರಷ್ಟು ಸೊಗಸಾಗಿ ಮಾಡಿದವರು ವಿರಳ. ಅವರು ಬೇಸಿನ ಭಾಗವನ್ನೂ ಸ್ವರಲಿಪಿಯಲ್ಲಿ ತಾವೇ ಬರೆದುಕೊಡುವವರು. ನಮ್ಮ ಕನ್ನಡದ ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಎರಡೂ ಅವರ ಸಂಗೀತದವು. ಗಾಯನವನ್ನು ಮನಸ್ಸಿನಿಂದ ತೆಗೆದುಹಾಕಿ ಕೆಳಗಿನ ದನಿಯನ್ನಷ್ಟೇ ಹಿಂಬಾಲಿಸಿ, ಆಮೇಲೆ ಅದನ್ನು ಬಾಯಲ್ಲಿ ಹಾಡಿ. ಹಾಡಲು ಬರುವಂಥ ಬೇಸ್ ಸಾಲು ಬರೆಯುವುದು ಎಂದರೇನೆಂದು ನಿಮ್ಮಂಥ ಗಾಯಕರಿಗೆ ನಾನು ಬೇರೆ ವಿವರಿಸಬೇಕಿಲ್ಲ.

ಗಾಂಧಿನಗರ

*ಜನರೇಟರ್ ಮೇಲೆ ನಡೆಯುವ ವೇದಿಕೆಗಳಲ್ಲಿ ಬೇಸ್ ಹಿಡಿದು ಮೈಕಿಗೆ ತುಟಿ ತಾಗಿದರೆ ಶಾಕ್ ಹೊಡೆಯುತ್ತದೆ. ಎಲ್ಲರೂ ‘ಇದೆಲ್ಲ ಇದ್ದದ್ದೇ’ ಅನ್ನುತ್ತಾರೆ.*

ಇದ್ದದ್ದಲ್ಲ, ಸಾಯಿಸುವಂಥದ್ದು. ನಿಮ್ಮ ತಂತಿಗಳು ಆಂಪ್‌ನ ಅರ್ತಿಗೆ ಜೋಡಣೆಯಾಗಿವೆ, ಮೈಕಿನ ಜಾಲರಿ ಸೌಂಡ್ ಮಿಕ್ಸರ್‌ನ ಅರ್ತಿಗೆ. ಎರಡರಲ್ಲಿ ಒಂದು ಕಡೆ ಅರ್ತಿಂಗ್ ಸತ್ತಿದ್ದರೆ ನಡುವಿನ ತಂತಿ ನೀವೇ. ಎಲೆಕ್ಟ್ರಿಷಿಯನ್ ಬಂದು ಪರೀಕ್ಷಿಸುವವರೆಗೆ ನುಡಿಸಬೇಡಿ. ‘ಗುಂಯ್ ಶಬ್ದ ಹೋಗಲಿ’ ಎಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಚಾಳಿ ಕೆಲವರಿಗಿದೆ, ಅವರ ಪಕ್ಕ ನಿಲ್ಲಲೂಬೇಡಿ. ಶಬ್ದಕ್ಕೆ ಮದ್ದು ಡಿಐ ಬಾಕ್ಸಿನ ‘ಗ್ರೌಂಡ್ ಲಿಫ್ಟ್’ ಗುಂಡಿ. ಅದು ಸಿಗ್ನಲ್‌ನ ದಾರಿಯನ್ನಷ್ಟೇ ಬಿಡಿಸುತ್ತದೆ, ಮೇನ್ಸ್ ಅರ್ತಿಂಗನ್ನು ಮುಟ್ಟುವುದಿಲ್ಲ. ಬೇಸಿಗೆ ವೈರ್‌ಲೆಸ್ ಹಾಕಿಕೊಂಡರೆ ನಿಮಗೂ ಆಂಪಿಗೂ ತಂತಿಯ ನಂಟೇ ಇರುವುದಿಲ್ಲ. ಹಾಗೆಂದು ಕೆಟ್ಟ ಅರ್ತಿಂಗ್ ಇದ್ದಲ್ಲಿ ವೇದಿಕೆ ಹತ್ತಲು ಅದು ನೆಪವಾಗಬಾರದು.

ಥಲತೇಜ್, ಅಹಮದಾಬಾದ್

*ಫ್ಲ್ಯಾಟಿನಲ್ಲಿ ಅಭ್ಯಾಸ ಮಾಡಿದರೆ ಪಕ್ಕದ ಮನೆಗೆ ಕೇಳುವುದಿಲ್ಲವಂತೆ, ಎರಡು ಮಹಡಿ ಕೆಳಗಿನವರು ಬಂದು ಬಾಗಿಲು ಬಡಿಯುತ್ತಾರೆ. ಇದು ಹೇಗೆ? ಜತೆಗೆ ನವರಾತ್ರಿ ಮುಗಿದ ಮೇಲೆ ವಾರಗಟ್ಟಲೆ ಕಿವಿಯಲ್ಲಿ ಸಿಳ್ಳೆ.*

ನಿಮ್ಮ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಕಂಪನ ಗಾಳಿಗಿಂತ ಹೆಚ್ಚಾಗಿ ನೆಲ, ಕಂಬ, ತೊಲೆಗಳ ಮೂಲಕ ಹರಿಯುತ್ತದೆ. ಆಂಪನ್ನು ನೆಲದಿಂದ ಎತ್ತಿ ದಪ್ಪ ಫೋಮಿನ ಮೇಲಿಡಿ. ಅದಕ್ಕಿಂತ ಒಳ್ಳೆಯದು ಹೆಡ್‌ಫೋನ್. ಕೆಳಮನೆಯ ಕಾಕಾ ಕಾಕಿಗೆ ಒಂದು ಡಬ್ಬಿ ಮೈಸೂರುಪಾಕ್ ಕೊಟ್ಟು ಬರುವುದು ಇವೆರಡಕ್ಕಿಂತಲೂ ಪರಿಣಾಮಕಾರಿ.

ಕಿವಿಯ ವಿಷಯಕ್ಕೆ ತಮಾಷೆ ಬೇಡ. 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ ಎಂಟು ತಾಸು ಇರಬಹುದು. ಮೇಲಿನ ಪ್ರತಿ ಮೂರು ಡೆಸಿಬಲ್‌ಗೆ ಆ ಅವಧಿ ಅರ್ಧವಾಗುತ್ತದೆ. ಲೆಕ್ಕ ಹಾಕಿ: 100 ಡೆಸಿಬಲ್‌ಗೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ. ಗರ್ಬಾ ವೇದಿಕೆಯ ಸೈಡ್‌ಫಿಲ್ ಸ್ಪೀಕರಿನ ಮುಂದೆ ನೀವು ನಿಲ್ಲುವುದು ಗಂಟೆಗಟ್ಟಲೆ. ಸಂಗೀತಗಾರರಿಗೆಂದೇ ಬರುವ ಇಯರ್‌ಪ್ಲಗ್ ಎಲ್ಲ ಸ್ಥಾಯಿಯನ್ನೂ ಸಮನಾಗಿ ತಗ್ಗಿಸುತ್ತದೆ, ಹತ್ತಿಯಂತೆ ಮಂಕು ಮಾಡುವುದಿಲ್ಲ. ಸಿಳ್ಳೆ ವಾರಗಟ್ಟಲೆ ನಿಲ್ಲದಿದ್ದರೆ ಕಿವಿ ವೈದ್ಯರಿಗೆ ತೋರಿಸಲೇಬೇಕು, ಈ ನವರಾತ್ರಿಗೆ ಮುಂಚೆಯೇ.

ಸೂರತ್

*ಮಾಷ್ಟ್ರೇ, ನಮಸ್ಕಾರ. ನಾವು ಕುಂದಾಪುರ ಕಡೆಯವರು, ಇಲ್ಲಿ ಹೋಟೆಲು ಇಟ್ಟು ತುಂಬ ವರ್ಷ ಆಯಿತು. ಮಗ ಗಲ್ಲಾದ ಮೇಲೆ ಕೂತುಕೊಳ್ಳಲಿ ಅಂತ ನನ್ನ ಆಸೆ. ಅವನು ಬೇಸ್ ಗಿಟಾರ್ ಅಂತ ಊರೂರು ತಿರುಗುತ್ತಾನೆ. ಹಾಡುವವನಾದರೆ ಹೆಸರಾದರೂ ಬಂದೀತು. ಹಿಂದೆ ನಿಂತು ಡುಂ ಡುಂ ಅನ್ನಿಸುವವನಿಗೆ ಏನುಂಟು? ಒಂದು ಸಿನಿಮಾಕ್ಕೂ ನುಡಿಸಿದ್ದಾನಂತೆ, ಹೆಸರೂ ಇಲ್ಲ, ದುಡ್ಡೂ ಸರಿಯಾಗಿ ಬರಲಿಲ್ಲ.*

ನಮಸ್ಕಾರ. ನಿಮ್ಮ ಹೋಟೆಲಿನಲ್ಲಿ ಹಿಟ್ಟು ರುಬ್ಬುವವನ ಹೆಸರು ಗಿರಾಕಿಗೆ ಗೊತ್ತಿಲ್ಲ. ಅವನು ಒಂದು ದಿನ ರಜೆ ಹಾಕಿದರೆ ಮಾತ್ರ ಮೊದಲ ದೋಸೆಗೇ ಗೊತ್ತಾಗುತ್ತದೆ. ನಿಮ್ಮ ಮಗನದು ಆ ಜಾತಿಯ ಕೆಲಸ. ಹೆಸರು ಬರುವುದು ತಡ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ 1960ರ ದಶಕದುದ್ದಕ್ಕೂ ನುಡಿಸಿದ ಜೇಮ್ಸ್ ಜೇಮರ್ಸನ್ ಈ ವಾದ್ಯದ ವ್ಯಾಕರಣವನ್ನೇ ಬರೆದವನು. ತಟ್ಟೆಯ ಲಕೋಟೆಯ ಮೇಲೆ ಅವನ ಹೆಸರು ಅಚ್ಚಾಗಿದ್ದು 1971ರಲ್ಲಿ, ಮಾರ್ವಿನ್ ಗೇಯ ಆಲ್ಬಂ ಒಂದರಲ್ಲಿ. ಇದು ಸಮಾಧಾನಕ್ಕೆ ಹೇಳಿದ ಕಥೆಯಲ್ಲ. ಹೆಸರು ಹಾಕಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎಚ್ಚರಿಕೆ.

ನಮ್ಮ ಕಾನೂನಿನಲ್ಲಿ ಹೆಸರಿಗೂ ದುಡ್ಡಿಗೂ ನೇರ ಸಂಬಂಧವಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ವಾದಕನೂ ‘ಪ್ರದರ್ಶಕ’. ಅವನ ಹಕ್ಕು 50 ವರ್ಷ ಇರುತ್ತದೆ. 2012ರ ತಿದ್ದುಪಡಿ ಆ ಪ್ರದರ್ಶನವನ್ನು ವಾಣಿಜ್ಯಕ್ಕೆ ಬಳಸಿದಾಗ ರಾಯಧನದ ಪಾಲನ್ನೂ ಕೊಟ್ಟಿತು. ಆದರೆ ಅದೇ ತಿದ್ದುಪಡಿಯಲ್ಲಿ ಒಂದು ಕೊಕ್ಕೆ ಇದೆ. ಸಿನಿಮಾದಲ್ಲಿ ಯಾರ ಕೆಲಸ ಪ್ರಾಸಂಗಿಕವೋ, ಉದ್ಯಮದ ರೂಢಿಯಲ್ಲಿ ಯಾರ ಹೆಸರನ್ನು ಎಲ್ಲೂ ಹಾಕುವುದಿಲ್ಲವೋ ಅವರನ್ನು ಬಹುತೇಕ ಹಕ್ಕುಗಳ ಮಟ್ಟಿಗೆ ಪ್ರದರ್ಶಕರೆಂದು ಎಣಿಸುವುದಿಲ್ಲ. ಆದ್ದರಿಂದ ಸ್ಟುಡಿಯೊಗೆ ಕಾಲಿಡುವ ಮೊದಲೇ ‘ಬೇಸ್ ಗಿಟಾರ್: ಇಂಥವರು’ ಎಂದು ಹೆಸರು ಹಾಕುವ ಮಾತನ್ನು ಬರಹದಲ್ಲಿ ಪಡೆಯಬೇಕು. ವಾಟ್ಸ್‌ಆಪ್ ಸಂದೇಶವಾದರೂ ಸರಿ, ಬಾಯಿಮಾತಿಗಿಂತ ಲೇಸು.

ಗರ್ಬಾ ಒಪ್ಪಂದದಲ್ಲೂ ನೀವು ಅವನಿಗೆ ನೆರವಾಗಬಹುದು, ವ್ಯಾಪಾರ ಬಲ್ಲವರು ನೀವು. ಒಂಬತ್ತು ರಾತ್ರಿಗೆ ಒಟ್ಟು ಎಷ್ಟು? ಮುಂಗಡ ಎಷ್ಟು, ಉಳಿದದ್ದು ಎಂದು? ಮಳೆ ಬಂದು ಮೈದಾನ ಕೆಸರಾಗಿ ಒಂದು ರಾತ್ರಿ ತಪ್ಪಿದರೆ ಆ ದಿನದ ಸಂಭಾವನೆ ಯಾರ ತಲೆಗೆ? ಶರದ್ ಪೂರ್ಣಿಮೆಯ ಕಾರ್ಯಕ್ರಮ ಇದರಲ್ಲೇ ಸೇರಿತೋ ಬೇರೆಯೋ? ಇವಿಷ್ಟು ಕಾಗದದ ಮೇಲೆ ಬಂದರೆ ಮುಕ್ಕಾಲು ಜಗಳ ಹುಟ್ಟುವುದೇ ಇಲ್ಲ. ಟಿಡಿಎಸ್ ಹಿಡಿದುಕೊಂಡಿದ್ದರೆ ವರ್ಷದ ಕೊನೆಗೆ ರಿಟರ್ನ್ ಹಾಕಿ ಹಿಂದಕ್ಕೆ ಕೇಳಲಿ. ಎಷ್ಟೋ ವಾದಕರು ಆ ದುಡ್ಡನ್ನು ಮರೆತೇಬಿಡುತ್ತಾರೆ.

ಗಲ್ಲಾದ ಆಸೆಯನ್ನೂ ಪೂರ್ತಿ ಬಿಡಬೇಡಿ. ಬೆಂಗಳೂರಿನ ಸ್ವರಾತ್ಮ ತಂಡದ ಬೇಸ್ ವಾದಕ ಜಿಷ್ಣು ದಾಸ್‌ಗುಪ್ತ ತಂಡದ ವ್ಯವಹಾರವನ್ನೂ ನೋಡಿಕೊಂಡವರು. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದವರು ಸಂಗೀತ ಶಾಲೆಯನ್ನೇ ಕಟ್ಟಿದರು. ಹಿಂದೆ ನಿಂತವನಿಗೆ ಇಡೀ ವೇದಿಕೆ ಕಾಣುತ್ತದೆ, ಲೆಕ್ಕಪತ್ರ ಅವನ ಪಾಲಿಗೆ ಬರುವುದು ಆಶ್ಚರ್ಯವಲ್ಲ. ಹೋಟೆಲಿಗೆ ನವರಾತ್ರಿಯಲ್ಲಿ ನಡುರಾತ್ರಿ ಗಿರಾಕಿ ಹೆಚ್ಚುವ ಹೊತ್ತಿಗೆ ಅವನು ವೇದಿಕೆಯ ಮೇಲಿರುತ್ತಾನೆ, ನಿಜ. ಉಳಿದ ತಿಂಗಳುಗಳಲ್ಲಿ ಬೆಳಗಿನ ಹೊತ್ತು ಗಲ್ಲಾಕ್ಕೆ ಕೇಳಿ ನೋಡಿ. ನುಡಿಸುವವರಿಗೆ ಬೆಳಿಗ್ಗೆ ಕೆಲಸವಿರುವುದಿಲ್ಲ. ಎಬ್ಬಿಸುವುದು ನಿಮ್ಮ ಜವಾಬ್ದಾರಿ.

ಪಾಲ್ಡಿ, ಅಹಮದಾಬಾದ್

*ವರ್ಷವಿಡೀ ಬೇರೆಯವರ ಹಾಡಿಗೇ ನುಡಿಸುತ್ತಿದ್ದೇನೆ: ಗರ್ಬಾ, ಮದುವೆ, ಕನ್ನಡ ಸಂಘದ ರಾಜ್ಯೋತ್ಸವ. ನನ್ನದು ಅಂತ ಒಂದು ಹಾಡು ಇಲ್ಲ. ಬೇಸ್ ಹಿಡಿದವನು ಸ್ವಂತ ಸಂಗೀತ ಮಾಡಬಹುದೇ? ಈ ಊರಿನಲ್ಲಿ ಅದಕ್ಕೆ ವಾತಾವರಣ ಇದೆಯೇ?*

ನೀವು ಪಾಲ್ಡಿಯಿಂದ ಬರೆಯುತ್ತಿದ್ದೀರಿ ಎಂದೇ ನಗು ಬಂತು. ನಿಮ್ಮ ಬಡಾವಣೆಯ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ, ಅಮೆರಿಕದ ಡೇವಿಡ್ ಟ್ಯೂಡರ್ ನೆರವಿನಿಂದ, ಒಂದು ಮೂಗ್ ಸಿಂಥಸೈಜರ್ ಬಂದು ಕೂತಿತು. ಭಾರತದ ಮೊದಲ ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೊ ಅದು. ಪಖವಾಜ್ ಬಲ್ಲ ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ.ಎಸ್. ಮಾಥುರ್ ಮೊದಲಾದವರು ಅಲ್ಲಿ ಕೂತು ಹಿಂದೆ ಯಾರೂ ಕೇಳದ ಶಬ್ದಗಳನ್ನು ಟೇಪಿಗಿಳಿಸಿದರು. 1972ರವರೆಗಿನ ಆ ಟೇಪುಗಳು ಕಪಾಟಿನಲ್ಲಿ ದಶಕಗಟ್ಟಲೆ ಕೂತಿದ್ದು, 2023ರಲ್ಲಷ್ಟೇ ಆಲ್ಬಂ ಆಗಿ ಹೊರಬಂದವು. ಊರಿನಲ್ಲಿ ವಾತಾವರಣ ಇತ್ತು, ಕೇಳಲು ಜನ ಇರಲಿಲ್ಲ. ಈಗ ಜನವರಿಯ ಮೊದಲ ದಿನಗಳಲ್ಲಿ ಸಪ್ತಕ್ ಉತ್ಸವಕ್ಕೆ ರಾತ್ರಿಯೆಲ್ಲ ಕೂರುವ ಕೇಳುಗರು ಅಲ್ಲೇ ಇದ್ದಾರೆ.

ಬೇಸ್ ಹಿಡಿದು ಸ್ವಂತ ಹಾಡು ಮಾಡಿದವರಿಗೆ ನಮ್ಮವರದೇ ಉದಾಹರಣೆ ಇದೆ. ಇಂಡಿಯನ್ ಓಷನ್ ತಂಡದ ರಾಹುಲ್ ರಾಮ್ ಬೆಳೆದದ್ದು ದೆಹಲಿಯಲ್ಲಿ. ಆದರೆ ಅವರ ತಂದೆ ಸಸ್ಯವಿಜ್ಞಾನಿ ಎಚ್.ವೈ. ಮೋಹನ್ ರಾಮ್, ದೊಡ್ಡಪ್ಪ ಎಚ್.ವೈ. ಶಾರದಾ ಪ್ರಸಾದ್, ಅಜ್ಜ ವಾಗ್ಗೇಯಕಾರ ಹೊಳೆನರಸೀಪುರದ ಯೋಗಾನರಸಿಂಹಂ. ಪರಿಸರ ವಿಷವಿಜ್ಞಾನದಲ್ಲಿ ಕಾರ್ನೆಲ್‌ನಿಂದ ಡಾಕ್ಟರೇಟ್ ಪಡೆದು ಬಂದು, ನರ್ಮದಾ ಬಚಾವೋ ಆಂದೋಲನದಲ್ಲಿ ದುಡಿದು, 1990ರ ದಶಕದ ಆರಂಭದಲ್ಲಿ ತಂಡ ಸೇರಿದವರು. 2000ದಲ್ಲಿ ಬಂದ ‘ಕಂದೀಸಾ’ ಆಲ್ಬಮಿನ ‘ಮಾ ರೇವಾ’ ಆ ಕಣಿವೆಯ ಜನರ ನಡುವಿನಿಂದ ಎದ್ದು ಬಂದ ಹಾಡು. ನರ್ಮದೆ ಭರೂಚಿನ ಹತ್ತಿರ ಕಡಲು ಸೇರುವ ನಾಡಿನಲ್ಲಿ ಕೂತು ನೀವು ಇದನ್ನು ಕೇಳದಿದ್ದರೆ ಅನ್ಯಾಯ. ಅದರಲ್ಲಿ ಬೇಸ್ ಎಲ್ಲೂ ಮುಂದೆ ನುಗ್ಗಿ ಪಾಂಡಿತ್ಯ ತೋರುವುದಿಲ್ಲ. ಅದು ಹೊರಡುತ್ತದೆ, ಉಳಿದವರು ಅದರ ಜತೆ ಹೋಗುತ್ತಾರೆ.

ನೀವು ಬರೆಯುವ ರೀತಿ ನೋಡಿದರೆ ಕೂಲಿ ಕೆಲಸ ಒಂದು ಕಡೆ, ಸೃಷ್ಟಿ ಇನ್ನೊಂದು ಕಡೆ ಎಂದು ಬೇರೆಬೇರೆ ಕಪಾಟಿನಲ್ಲಿ ಇಟ್ಟುಕೊಂಡಿದ್ದೀರಿ. ನನಗೆ ಅದು ಒಪ್ಪಿಗೆಯಿಲ್ಲ. ನವರಾತ್ರಿಯಲ್ಲಿ ಹೀಂಚ್ ಅನ್ನು ಅಷ್ಟು ಹೊತ್ತು ನುಡಿಸಿದ ಕೈಗೆ ಬೆಂಗಳೂರಿನ ಬೇಸ್ ವಾದಕರಿಗಿಲ್ಲದ ಸೊತ್ತೊಂದು ಸಿಕ್ಕಿರುತ್ತದೆ. ರಾಜ್ಯೋತ್ಸವಕ್ಕೆ ಶರೀಫರ ತತ್ವಪದ ಹಾಡುವವರು ಬಂದಾಗ ಅವರ ಡಗ್ಗಾದ ಜತೆ ಅದೇ ಹೀಂಚ್ ತೂಗಾಟವನ್ನು ತುಸು ನಿಧಾನಕ್ಕೆ ಇಟ್ಟು ನೋಡಿ. ಉತ್ತರ ಕರ್ನಾಟಕದ ಭಜನೆಯ ನಡೆಗೂ ಸೌರಾಷ್ಟ್ರದ ಭಜನೆಯ ನಡೆಗೂ ನೆಂಟಸ್ತಿಕೆ ಇದೆ ಎಂಬುದು ನನ್ನ ಬಹುದಿನದ ಅನಿಸಿಕೆ. ಅದನ್ನು ಲೇಖನದಲ್ಲಿ ಸಾಧಿಸುವುದಕ್ಕಿಂತ ಬೇಸಿನಲ್ಲಿ ಸಾಧಿಸುವುದು ಸುಲಭ. ನಿಮ್ಮ ಹಾಡು ಅಲ್ಲಿಂದ ಶುರುವಾಗಬಹುದು.

ಇನ್ನು ಪ್ರಾಯೋಗಿಕ ಮಾತು. ಮೊದಲ ಹಾಡನ್ನು ಕಾರ್ಡ್‌ಗಳಿಂದ ಕಟ್ಟಬೇಡಿ. ಎಂಟು ಮಾತ್ರೆಯ ಅಥವಾ ಆರು ಮಾತ್ರೆಯ ಒಂದೇ ಬೇಸ್ ಸಾಲು ಮಾಡಿ, ಫೋನಿನಲ್ಲಿ ಮುದ್ರಿಸಿಕೊಳ್ಳಿ. ಫೋನಿನ ಪುಟ್ಟ ಸ್ಪೀಕರ್ ನಿಮ್ಮ ಕೆಳದನಿಯನ್ನು ಹೊರಡಿಸಲಾರದು. ಅದರ ಮೇಲಿನ ಅನುಸ್ವರಗಳು ಕೇಳಿದರೆ ಕಿವಿಯೇ ಕೆಳಗಿನದನ್ನು ಊಹಿಸಿಕೊಳ್ಳುತ್ತದೆ. ಹಾಗಾಗಿ ಟೋನ್ ಗುಂಡಿಯನ್ನು ಪೂರ್ತಿ ಮುಚ್ಚಬೇಡಿ, ನಡುಸ್ಥಾಯಿ ಸ್ವಲ್ಪ ಏರಿಸಿ, ಇಲ್ಲವಾದರೆ ಊರೆಲ್ಲ ಹಂಚಿದ ರೀಲಿನಲ್ಲಿ ನಿಮ್ಮ ಹಾಡೇ ಇರುವುದಿಲ್ಲ. ಆ ಸಾಲನ್ನು ಹಾಡುಗಾರರಿಗಿಂತ ಮೊದಲು ನಿಮ್ಮ ನವರಾತ್ರಿಯ ಢೋಲಿಗೆ ಕೇಳಿಸಿ. ಅವನು ‘ಚೆನ್ನಾಗಿದೆ’ ಎಂದರೆ ಅದಕ್ಕೆ ಬೆಲೆಯಿಲ್ಲ, ಎಲ್ಲರೂ ಹಾಗೆನ್ನುತ್ತಾರೆ. ಮಾತಾಡದೆ ತೊಡೆಯ ಮೇಲೆ ಬಡಿಯತೊಡಗಿದರೆ ಮರುದಿನವೇ ಸ್ಟುಡಿಯೊ ಗೊತ್ತು ಮಾಡಿ, ಅವನನ್ನೂ ಕರೆದುಕೊಂಡು ಹೋಗಿ, ಮತ್ತು ಹಾಡಿನ ಕೆಳಗೆ ಅವನ ಹೆಸರನ್ನೂ ಹಾಕಿ.